ಕಸಿನ್ ಅಂದರೆ ಯಾವ ಕಡೆಯವಳು?

ದೇಶಕ್ಕೊಂದರಂತೆ ಹನ್ನೆರಡು ಪುಸ್ತಕಗಳ ಪಟ್ಟಿ ಮಾಡಿದ್ದೀರಿ. ಚೀನಾದ ಪುಸ್ತಕದಲ್ಲೇ ಹೆಸರುಗಳಿಗೆ ಸಿಕ್ಕಿ ನಿಂತುಬಿಟ್ಟಿದ್ದೀರಿ. ಉಳಿದವನ್ನು ಯಾವ ಕ್ರಮದಲ್ಲಿ ಓದಲಿ, ಸರಾಗವಾಗಿ ಓದಿಸಿಕೊಂಡು ಹೋಗುವ ಇಂಗ್ಲಿಷ್ ಅನುವಾದ ಯಾವುದು ಅಂತ ಕೇಳಿದ್ದೀರಿ. ಇಂಥದ್ದೇ ಪಟ್ಟಿ ನನ್ನ ಹತ್ತಿರವೂ ಇತ್ತು. ಸಿಕ್ಕಿಬಿದ್ದ ಪುಸ್ತಕವೂ ಬಹುಶಃ ಅದೇ: ‘ಹೊಂಗ್ ಲೊ ಮೆಂಗ್’, ಕೆಂಪು ಮಹಡಿಯ ಕನಸು. ವ್ಯತ್ಯಾಸ ಒಂದೇ. ನೀವು ನಿಂತಿರಿ, ನಾನು ನಿಲ್ಲದೆ ಐದೂ ಸಂಪುಟ ಮುಗಿಸಿದೆ. ನಿಂತಿದ್ದರೆ ಚೆನ್ನಾಗಿತ್ತು.

ಇದು 18ನೇ ಶತಮಾನದಲ್ಲಿ ತ್ಸಾವ್ ಶ್ಯೂಚಿನ್ ಬರೆದ ಕಾದಂಬರಿ. ಮೊದಲು 80 ಅಧ್ಯಾಯಗಳ ಕೈಬರಹದ ಪ್ರತಿಗಳಾಗಿ ಓಡಾಡುತ್ತಿತ್ತು. 1791ರಲ್ಲಿ ಅಚ್ಚಾದಾಗ 120 ಅಧ್ಯಾಯ ಆಯಿತು. ಆ ಕೊನೆಯ ನಲವತ್ತು ಯಾರದು ಅನ್ನುವ ಜಗಳ ಇನ್ನೂ ನಡೆದಿದೆ. ಡೇವಿಡ್ ಹಾಕ್ಸ್ ಮತ್ತು ಜಾನ್ ಮಿನ್‌ಫೋರ್ಡ್ 1973ರಿಂದ 1986ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು. ದಿನಕ್ಕೆರಡು ಅಧ್ಯಾಯದ ಲೆಕ್ಕದಲ್ಲಿ ಅರವತ್ತು ದಿನ ಓದಿದೆ. ಬಟ್ಟೆ, ಚಹಾ, ಪದ್ಯದ ಸ್ಪರ್ಧೆ, ಏಡಿಯ ಊಟ, ಎಲ್ಲ ನೆನಪಿದೆ. 97ನೇ ಅಧ್ಯಾಯದಲ್ಲಿ ಕಥೆ ಒಡೆಯುತ್ತದೆ ನೋಡಿ, ಅಲ್ಲಿ ಮಾತ್ರ ನನಗೆ ಏನೂ ಆಗಲಿಲ್ಲ.

ಅಲ್ಲಿ ಆಗುವುದು ಇಷ್ಟು. (ಕೊನೆ ಹೇಳಿಬಿಟ್ಟನಲ್ಲ ಅಂತ ಬೇಸರಪಡಬೇಡಿ. ಯಾರ ಗತಿ ಏನು ಅನ್ನುವುದನ್ನು 5ನೇ ಅಧ್ಯಾಯದಲ್ಲೇ ಒಗಟಿನ ಪದ್ಯಗಳಲ್ಲಿ ಹೇಳಿಟ್ಟಿದ್ದಾರೆ.) ಮನೆಮಗ ಬಾವ್‌ಯುಗೆ ದಾಯ್‌ಯು ಅಂದರೆ ಪ್ರಾಣ. ಅವನಿಗೆ ಬುದ್ಧಿ ಮಂಕಾಗಿರುವ ಹೊತ್ತಿನಲ್ಲಿ ‘ನಿನಗೆ ದಾಯ್‌ಯುವನ್ನೇ ತರುತ್ತಿದ್ದೇವೆ’ ಎಂದು ನಂಬಿಸಿ ಬಾವ್‌ಚಾಯ್‌ಯನ್ನು ತಂದು ಮದುವೆ ಮಾಡುತ್ತಾರೆ. ಅನುಮಾನ ಬಾರದಿರಲಿ ಎಂದು ಮದುಮಗಳ ಪಕ್ಕದಲ್ಲಿ ದಾಯ್‌ಯುವಿನ ದಾಸಿಯನ್ನೇ ನಿಲ್ಲಿಸುತ್ತಾರೆ. ಮುಸುಕು ತೆಗೆದಾಗ ಕಾಣುವುದು ಬೇರೆ ಮುಖ. ಅದೇ ಗಳಿಗೆಯಲ್ಲಿ ಆ ಕಡೆ ದಾಯ್‌ಯು ಸಾಯುತ್ತಾಳೆ.

ಮನೆಯಲ್ಲಿ ಅಮ್ಮನಿಗೆ ಈ ಕಥೆ ಹೇಳುತ್ತಾ ‘ಇಬ್ಬರೂ ಅವನಿಗೆ ಕಸಿನ್ಸ್’ ಅಂದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಕಸಿನ್ ಅಂದ್ರೆ ಯಾವ ಕಡೆಯವಳೋ? ಅತ್ತೆ ಮಗಳೋ, ಚಿಕ್ಕಮ್ಮನ ಮಗಳೋ?’

ನನಗೆ ಗೊತ್ತಿರಲಿಲ್ಲ. ಅರವತ್ತು ದಿನ, 120 ಅಧ್ಯಾಯ, ಗೊತ್ತಿರಲಿಲ್ಲ.

ಹಿಂದಕ್ಕೆ ಹೋಗಿ ಹುಡುಕಿದೆ. ದಾಯ್‌ಯು ಅವನ ಸೋದರತ್ತೆಯ ಮಗಳು, ಅಂದರೆ ಅಪ್ಪನ ತಂಗಿಯ ಮಗಳು. ಬಾವ್‌ಚಾಯ್ ಅಮ್ಮನ ತಂಗಿಯ ಮಗಳು, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು. ಕನ್ನಡದ ಮನೆಯಲ್ಲಿ ಒಬ್ಬಳು ಕೇಳಿ ತರಬಹುದಾದ ಅತ್ತೆ ಮಗಳು, ಇನ್ನೊಬ್ಬಳು ಸಾಕ್ಷಾತ್ ಅಕ್ಕ! ಚೀನೀ ಮೂಲದಲ್ಲೂ ಬಾವ್‌ಯು ಅವಳನ್ನು ಕರೆಯುವುದು ‘ಬಾವ್ ಜ್ಯೆಜ್ಯೆ’, ಬಾವ್ ಅಕ್ಕ ಅಂತಲೇ.

ಇದನ್ನು ಅನುವಾದಕರು ಮುಚ್ಚಿಟ್ಟಿಲ್ಲ. 20ನೇ ಅಧ್ಯಾಯದಲ್ಲಿ ದಾಯ್‌ಯು ಮುನಿಸಿಕೊಂಡಾಗ ಬಾವ್‌ಯು ಬಾಯಿಬಿಟ್ಟು ಲೆಕ್ಕ ಹೇಳುತ್ತಾನೆ. ಮೊದಲನೆಯದು, ನಾವಿಬ್ಬರೂ ಅತ್ತೆ-ಮಾವನ ಮಕ್ಕಳು. ಬಾವ್‌ಚಾಯ್ ಅಕ್ಕತಂಗಿಯರ ಮಕ್ಕಳ ಪೈಕಿ. ನಂಟಿನಲ್ಲಿ ನಿನಗಿಂತ ಅವಳು ದೂರ. ಎರಡನೆಯದು, ಮೊದಲು ಬಂದವಳು ನೀನು. ಒಂದೇ ಮೇಜಿನಲ್ಲಿ ಉಂಡು ಒಂದೇ ಮಂಚದಲ್ಲಿ ಮಲಗಿ ಬೆಳೆದವರು ನಾವು, ಅವಳು ನಿನ್ನೆ ಮೊನ್ನೆ ಬಂದವಳು. ಇಡೀ ಕಾದಂಬರಿಯ ಕೀಲಿ ಈ ಮಾತು. ಇಂಗ್ಲಿಷಿನಲ್ಲೂ ‘ತಂದೆಯ ಕಡೆ’, ‘ತಾಯಿಯ ಕಡೆ’ ಅಂತ ಇದ್ದೇ ಇತ್ತು. ಓದಿದ್ದೆ. ಕಣ್ಣು ಹಾಯಿತು, ಮನಸ್ಸಿಗೆ ಇಳಿಯಲಿಲ್ಲ. ಯಾಕೆಂದರೆ ಇಂಗ್ಲಿಷ್ ಓದುವಾಗ ನನ್ನ ತಲೆ ಇಂಗ್ಲಿಷಿನವರ ಮನೆಯಲ್ಲಿ ಕೂತಿರುತ್ತದೆ. ಆ ಮನೆಯಲ್ಲಿ ಕಸಿನ್ ಯಾವ ಕಡೆಯವರಾದರೂ ಕಸಿನ್ನೇ, ಕಡೆ ಅನ್ನುವುದು ಒಂದು ವಿಶೇಷಣ ಅಷ್ಟೆ. ನಮಗೂ ಚೀನೀಯರಿಗೂ ಕಡೆಯೇ ಸಂಬಂಧ, ಅದಕ್ಕೇ ಬೇರೆ ಬೇರೆ ಹೆಸರು ಇಟ್ಟಿದ್ದೇವೆ. ನಾನು ಮಾಡಿದ ತಪ್ಪು ಇಂಗ್ಲಿಷ್ ಅನುವಾದ ಓದಿದ್ದಲ್ಲ, ಓದುತ್ತಾ ಓದುತ್ತಾ ಕನ್ನಡವನ್ನು ಬಾಗಿಲ ಹೊರಗೆ ಚಪ್ಪಲಿ ಜತೆ ಬಿಟ್ಟದ್ದು.

ಕನ್ನಡದಲ್ಲಿ ನಂಟು ಬರೆದುಕೊಂಡ ಮೇಲೆ ಏನು ಕಂಡಿತು ಹೇಳುತ್ತೇನೆ. ಬಾವ್‌ಯುವಿನ ಅಮ್ಮ ವಾಂಗ್ ಮನೆತನದ ಮಗಳು. ಬಾವ್‌ಚಾಯ್‌ಯ ಅಮ್ಮ ಅವಳ ತಂಗಿ, ಅವಳೂ ವಾಂಗ್. ಮನೆಯ ಬೀಗದ ಕೈ ಹಿಡಿದು ಎಲ್ಲರನ್ನೂ ಕುಣಿಸುವ ಶೀಫೆಂಗ್, ಬಾವ್‌ಯುವಿಗೆ ದೊಡ್ಡಪ್ಪನ ಮಗನ ಹೆಂಡತಿಯಾಗಿ ಅತ್ತಿಗೆ, ಸೋದರಮಾವನ ಮಗಳೂ ಹೌದು. ನಮ್ಮಲ್ಲಿ ‘ಎರಡೂ ಕಡೆಯಿಂದ ನಂಟು’ ಅನ್ನುತ್ತೇವಲ್ಲ, ಹಾಗೆ. ಅವಳೂ ಹುಟ್ಟಿನಿಂದ ವಾಂಗ್. ಮದುಮಗಳನ್ನು ಅದಲುಬದಲು ಮಾಡುವ ಉಪಾಯ ಅವಳದೇ. ಇನ್ನು ದಾಯ್‌ಯು? ಮನೆಯ ಹಿರಿಯಜ್ಜಿಯ ಸತ್ತ ಮಗಳ ಮಗಳು. ಹೆತ್ತ ಮಗಳ ಕುಡಿಯನ್ನು ಬಿಟ್ಟು ಸೊಸೆಯ ತಂಗಿಯ ಮಗಳನ್ನು ಮೊಮ್ಮಗನಿಗೆ ತರಲು ಅಜ್ಜಿ ಒಪ್ಪುತ್ತಾಳೆ. ಅಂದರೆ ಬಾವ್‌ಯು ಹುಟ್ಟಿದ ಜಿಯಾ ಮನೆಯೊಳಗೆ ವಾಂಗ್ ತವರು ಗೆದ್ದಿತು. ಇದು ಪ್ರೇಮಕಥೆ ಅಂದುಕೊಂಡು ಓದಿದ್ದೆ. ಕೊಟ್ಟು ತಂದ ನಾಲ್ಕು ಮನೆಗಳ ಲೇವಾದೇವಿಯ ಕಥೆಯೂ ಹೌದು.

ಒಂದು ಎಚ್ಚರಿಕೆ, ಇಲ್ಲದಿದ್ದರೆ ಅಮ್ಮ ಎಡವಿದಂತೆ ನೀವೂ ಎಡವುತ್ತೀರಿ. ‘ಅಯ್ಯೋ, ಅಕ್ಕನನ್ನೇ ಕಟ್ಟಿದರಾ’ ಅಂದರು ಅಮ್ಮ. ಆ ಸಮಾಜದಲ್ಲಿ ಇಬ್ಬರೂ ತರಬಹುದಾದವರೇ. ಅಲ್ಲಿ ಅಡ್ಡ ಬರುವುದು ಕುಲದ ಹೆಸರು: ಒಂದೇ ಹೆಸರಿನವರು, ಅಂದರೆ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು, ಮದುವೆಯಾಗುವಂತಿಲ್ಲ. ಹಾಗಾಗಿ ನಮ್ಮ ಪದ ಬರೆದುಕೊಳ್ಳಿ, ನಮ್ಮ ನಿಷೇಧ ಬರೆದುಕೊಳ್ಳಬೇಡಿ.

ಬರೆದುಕೊಳ್ಳುವ ಕ್ರಮ ಹೀಗೆ. ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್. ಮನೆತನಕ್ಕೊಂದು ಪುಟ: ಜಿಯಾ, ಶಿ (ಅಜ್ಜಿಯ ತವರು), ವಾಂಗ್, ಶ್ಯೂಯೆ (ಬಾವ್‌ಚಾಯ್ ಮನೆ), ಲಿನ್ (ದಾಯ್‌ಯು ಮನೆ). ಚೀನೀ ಹೆಸರಿನಲ್ಲಿ ಕುಲದ ಹೆಸರು ಮೊದಲು ಬರುತ್ತದೆ, ಹೆಂಗಸರು ಮದುವೆಯಾದ ಮೇಲೂ ಹುಟ್ಟಿದ ಕುಲದ ಹೆಸರನ್ನು ಬಿಡುವುದಿಲ್ಲ. ಆದ್ದರಿಂದ ಯಾರು ಯಾವ ಪುಟಕ್ಕೆ ಅನ್ನುವುದು ಹೆಸರಿನಲ್ಲೇ ಇರುತ್ತದೆ. ಪ್ರತಿ ಹೆಸರಿನ ಮುಂದೆ ಮೂರು ಕಲಂ: ಬಾವ್‌ಯುವಿಗೆ ಅವರು ಕನ್ನಡದಲ್ಲಿ ಏನಾಗಬೇಕು, ಅವನಿಗಿಂತ ದೊಡ್ಡವರೋ ಚಿಕ್ಕವರೋ, ತರಬಹುದೋ ಇಲ್ಲವೋ. ನಿಮ್ಮ ಕಡೆ ಚಿಕ್ಕಮ್ಮನಿಗೆ ಮೌಶಿ ಅನ್ನುತ್ತಿದ್ದರೆ ಮೌಶಿ ಅಂತಲೇ ಬರೆಯಿರಿ. ನಾಲಿಗೆಗೆ ಬರುವ ಪದವೇ ಕೆಲಸ ಮಾಡುವುದು. ಎರಡನೇ ಅಧ್ಯಾಯದಲ್ಲಿ ಒಬ್ಬ ವ್ಯಾಪಾರಿ ತನ್ನ ಗೆಳೆಯನಿಗೆ ಈ ಮನೆಯ ವಂಶಾವಳಿಯನ್ನೆಲ್ಲ ಒದರುತ್ತಾನೆ. ಎಲ್ಲರೂ ಹಾರಿಸುವ ಪುಟಗಳು ಅವು. ಅಲ್ಲೇ ಕೂತು ಮರದ ಚಿತ್ರ ಬಿಡಿಸಿ. ಪಾತ್ರಗಳು ನಾನೂರಕ್ಕೂ ಮಿಕ್ಕಿ ಇವೆ, ಹೆದರಬೇಡಿ, ಮೂವತ್ತು ಹೆಸರು ಹಿಡಿದರೆ ಕಥೆ ಕೈಗೆ ಬರುತ್ತದೆ.

ನಡುವೆ ಅನುವಾದ ಬದಲಿಸಬೇಡಿ. ಹಾಕ್ಸ್ ದಾಸಿಯರ ಹೆಸರನ್ನೂ ಇಂಗ್ಲಿಷಿಗೆ ತಿರುಗಿಸುತ್ತಾರೆ. ಶೀರೆನ್ ಅಲ್ಲಿ ಅರೋಮಾ ಆಗುತ್ತಾಳೆ, ಚಿಂಗ್‌ವೆನ್ ಸ್ಕೈಬ್ರೈಟ್ ಆಗುತ್ತಾಳೆ. ಯಾಂಗ್ ಶ್ಯೆನ್‌ಯಿ ದಂಪತಿಯ ಅನುವಾದಕ್ಕೆ ಹಾರಿದರೆ ಇವರೆಲ್ಲ ಹೊಸಬರಂತೆ ಕಾಣುತ್ತಾರೆ. ನಾಲ್ವರು ಅಕ್ಕತಂಗಿಯರು ಯುವಾನ್‌ಚುನ್, ಯಿಂಗ್‌ಚುನ್, ತಾನ್‌ಚುನ್, ಶೀಚುನ್. ಅವರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಓದಿದರೆ ಚೀನೀ ಕಿವಿಗೆ ‘ನಿಟ್ಟುಸಿರು ಬಿಡಲೇಬೇಕು’ ಎಂದು ಕೇಳುತ್ತದೆ. ಜಿಯಾ ಅನ್ನುವುದೇ ‘ಸುಳ್ಳು’ ಅನ್ನುವ ಪದದಂತೆ ಕೇಳುವ ಹೆಸರು. ಇಂಥವು ಸಿಕ್ಕಾಗ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ ಸಾಕು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟರಲ್ಲೇ ಬಂತು: ಸರಾಗವಾದ ಇಂಗ್ಲಿಷ್ ಬೇಡ. ಇಂಗ್ಲಿಷ್ ಸರಾಗವಾದಷ್ಟೂ ಮಡಿಕೆಗಳು ಇಸ್ತ್ರಿಯಾಗಿರುತ್ತವೆ, ಆ ಮಡಿಕೆಗಳಲ್ಲಿ ನಮಗೆ ಬೇಕಾದ್ದು ಇತ್ತು.

ನಿಮ್ಮ ಪಟ್ಟಿಯ ಕೊರಿಯನ್ ಕಾದಂಬರಿಯಲ್ಲೂ, ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ನಲ್ಲೂ, ಇದನ್ನೇ ಮಾಡಿ ನೋಡಿ. ಮೊದಲ ಭಾಗ ನಾಯಕಿಯ ಗಂಡನ ಬಾಯಲ್ಲಿ, ಎರಡನೆಯದು ಅವಳ ‘ಬ್ರದರ್-ಇನ್-ಲಾ’ನ ಬೆನ್ನು ಹತ್ತಿ ಹೋಗುತ್ತದೆ. ಅವನು ಅಕ್ಕನ ಗಂಡ, ಅವಳಿಗೆ ಭಾವ. ಆ ಇಬ್ಬರು ಗಂಡಸರು ಪರಸ್ಪರ ಷಡ್ಡಕರು. ‘ಭಾವ’ ಅಂದ ತಕ್ಷಣ ಎರಡನೇ ಭಾಗ ಎಷ್ಟು ಅಸಹ್ಯ ಹುಟ್ಟಿಸುತ್ತದೆ ಅಂದರೆ, ಇಂಗ್ಲಿಷಿನ ಮೂರು ತುಂಡಿನ ಪದ ಅದರ ಕಾಲುಭಾಗವನ್ನೂ ಹೊರುವುದಿಲ್ಲ.

ಜಪಾನಿನ ‘ಗೆಂಜಿ ಮೊನೊಗತಾರಿ’ಯಲ್ಲಿ ಹೆಸರಿನ ಕಾಟ ಬೇರೆ ಥರದ್ದು. ಮುರಸಾಕಿ ಶಿಕಿಬು 11ನೇ ಶತಮಾನದ ಆರಂಭದಲ್ಲಿ ಬರೆದ 54 ಅಧ್ಯಾಯಗಳಲ್ಲಿ ಬಹುತೇಕ ಯಾರಿಗೂ ಸ್ವಂತ ಹೆಸರೇ ಇಲ್ಲ. ಗಂಡಸರಿಗೆ ಹುದ್ದೆಯೇ ಹೆಸರು, ಬಡ್ತಿ ಸಿಕ್ಕರೆ ಹೆಸರು ಬದಲು. ಹೆಂಗಸರಿಗೆ ಹೂವು, ಬೀದಿ, ಕೋಣೆ. ಇದನ್ನು ದೂರುವವರು ಮಹಾಭಾರತ ಕೇಳಿ ಬೆಳೆದವರಾಗಿರಲಾರರು. ಪಾರ್ಥ, ಫಲುಗುಣ, ಕಿರೀಟಿ, ಸವ್ಯಸಾಚಿ ಎಲ್ಲ ಒಬ್ಬನೇ ಅಂತ ಗಮಕ ಕೇಳುವಾಗ ನಾವೇನು ಪಟ್ಟಿ ಹಿಡಿದು ಕೂರುತ್ತೇವೆಯೆ? ಅದೇ ಅಭ್ಯಾಸ ಇಲ್ಲಿ ತನ್ನಿ. ರಾಯಲ್ ಟೈಲರ್ ಅವರ 2001ರ ಅನುವಾದ ಕೊಳ್ಳಿ. ಪ್ರತಿ ಅಧ್ಯಾಯದ ತಲೆಯಲ್ಲಿ ಯಾರು ಈಗ ಯಾವ ಹುದ್ದೆಯಲ್ಲಿದ್ದಾರೆ, ವಯಸ್ಸೆಷ್ಟು ಎಂದು ಕೊಟ್ಟಿದ್ದಾರೆ. ಆರ್ಥರ್ ವೇಲಿಯ ಹಳೆಯ ಅನುವಾದ (1925-33) ಓದಲು ಸೊಗಸು, ಆದರೆ 38ನೇ ಅಧ್ಯಾಯವನ್ನು ಬಿಟ್ಟೇಬಿಟ್ಟಿದ್ದಾರೆ.

4ನೇ ಅಧ್ಯಾಯದ ಒಂದು ಹೂವನ್ನು ಮಾತ್ರ ಹತ್ತಿರದಿಂದ ನೋಡೋಣ. ಸಂಜೆ ಹೊತ್ತು ಗೆಂಜಿ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಎದುರಿನ ಬಡಮನೆಯ ಬೇಲಿಗೆ ಬಳ್ಳಿ ಹಬ್ಬಿ ಬಿಳಿ ಹೂ ಬಿಟ್ಟಿದೆ. ಏನು ಹೂವು ಎಂದು ಕೇಳುತ್ತಾನೆ. ‘ಯೂಗಾವೊ, ಇಂಥ ಬೇಲಿಗಳಲ್ಲೇ ಬಿಡುವುದು’ ಅನ್ನುತ್ತಾನೆ ಜತೆಯವನು. ಒಳಗಿಂದ ಹುಡುಗಿಯೊಬ್ಬಳು ಸುಗಂಧ ಹಚ್ಚಿದ ಬೀಸಣಿಗೆ ತಂದು, ಹೂವನ್ನು ಇದರ ಮೇಲಿಟ್ಟು ಕೊಡಿ ಅನ್ನುತ್ತಾಳೆ. ಆ ಮನೆಯ ಯುವತಿಗೆ ಮುಂದೆ ಓದುಗರು ಇಟ್ಟ ಹೆಸರೂ ಅದೇ, ಯೂಗಾವೊ. ಇಂಗ್ಲಿಷಿನಲ್ಲಿ ಇದು ‘ಸಂಜೆಯ ಮುಖಗಳು’ ಎಂದೆಲ್ಲ ಆಗಿ ಗಂಧರ್ವಲೋಕದ ಹೂವಾಗಿದೆ. ಅದು ನಮ್ಮ ಸೋರೆ ಹೂ ಕಣ್ರೀ! ಹಿತ್ತಲ ಬೇಲಿಗೋ ಗುಡಿಸಲ ಮಾಡಿಗೋ ಹಬ್ಬಿಸುತ್ತೇವಲ್ಲ, ಸಂಜೆ ಅರಳಿ ಬೆಳಿಗ್ಗೆ ಬಾಡುವುದು, ಯಾರೂ ಮುಡಿಯದ ಹೂವು. ಚಕ್ರವರ್ತಿಯ ಮಗನಿಗೆ ಆ ಹೂವಿನ ಹೆಸರು ಗೊತ್ತಿಲ್ಲ, ಅದನ್ನು ಪರಿಮಳದ ಬೀಸಣಿಗೆಯ ಮೇಲಿಟ್ಟು ಕೊಡುತ್ತಾರೆ. ಸೋರೆ ಎಂದು ಗೊತ್ತಾದ ಕ್ಷಣ ಆ ದೃಶ್ಯದ ಅಂತಸ್ತು, ಚೇಷ್ಟೆ, ಅವಳ ಕಡಿಮೆ ಆಯುಷ್ಯ ಮೂರೂ ತೆರೆದುಕೊಂಡವು. ಗಿಡ, ಹಕ್ಕಿ, ಅಡುಗೆ ಪದಾರ್ಥ ಸಿಕ್ಕಾಗೆಲ್ಲ ವೈಜ್ಞಾನಿಕ ಹೆಸರು ಹುಡುಕಿ ಅಲ್ಲಿಂದ ಕನ್ನಡಕ್ಕೆ ಬನ್ನಿ. ಎರಡು ನಿಮಿಷದ ಕೆಲಸ.

ಹೈಕು ಸಂಕಲನ ಇದೆ ಅಂದಿರಿ. ದಯವಿಟ್ಟು ಅನುವಾದ ಒಂದನ್ನೇ ಓದಬೇಡಿ, ಮೂಲವನ್ನು ಕನ್ನಡ ಲಿಪಿಯಲ್ಲಿ ಬರೆದು ಪ್ರಸ್ತಾರ ಹಾಕಿ. 5-7-5 ಅಂದರೆ ಐದು, ಏಳು, ಐದು ಅಕ್ಷರ ಅಂತ ಎಲ್ಲರೂ ಹೇಳುತ್ತಾರೆ, ತಪ್ಪು. ಜಪಾನೀಯರು ಎಣಿಸುವುದು ಹೆಚ್ಚುಕಡಿಮೆ ನಮ್ಮ ಮಾತ್ರೆಯನ್ನು. ದೀರ್ಘಕ್ಕೆ ಎರಡು, ಒತ್ತಿಗೂ ಅನುಸ್ವಾರಕ್ಕೂ ಒಂದೊಂದು ಹೆಚ್ಚು. ನಿಪ್ಪೊನ್ ಅವರಿಗೆ ನಾಲ್ಕು, ನಮ್ಮ ಲೆಕ್ಕದಲ್ಲೂ ಎರಡು ಗುರು, ನಾಲ್ಕು. ತೋಕ್ಯೋ ನಾಲ್ಕು. ಕ್ಯೋತೊ ಮೂರು. ತಾಳೆಯಾಗದ್ದು ಒಂದೇ ಕಡೆ: ‘ಕ್ಯ’, ‘ರ್ಯ’ದಂಥ ಒತ್ತು ಅವರಲ್ಲಿ ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ. ಒಕ್ಯಕು (ಅತಿಥಿ) ಅವರಿಗೆ ಮೂರೇ. ಶಿಥಿಲದ್ವಿತ್ವ ಅಂದುಕೊಂಡು ಮುಂದೆ ಹೋಗಿ.

ಹೈಕು ಕವಿ ಬಾಶೋನ 1686ರ ಕಪ್ಪೆ ಪದ್ಯ:

ಫುರುಇಕೆ ಯ
ಕವಜು ತೊಬಿಕೊಮು
ಮಿಜು ನೊ ಒತೊ

ಹಳೆಯ ಕೊಳ, ಕಪ್ಪೆ ಹಾರಿತು, ನೀರಿನ ಸದ್ದು. ಎಣಿಸಿ: ಹದಿನೇಳೂ ಲಘು, ಒಂದು ಗುರುವಿಲ್ಲ. ನಡುವಿನ ಸಾಲು ‘ಕವಜು’ ಮೂರು, ‘ತೊಬಿಕೊಮು’ ನಾಲ್ಕು. ಮೂರು-ನಾಲ್ಕು ಅಂದರೆ ಭಾಮಿನಿಯ ನಡೆ! ಕಾಕತಾಳೀಯವೇ, ಆದರೂ ಕುಮಾರವ್ಯಾಸನ ಕಿವಿ ಇರುವವರಿಗೆ ಆ ಸಾಲು ತಾನಾಗಿ ಹಾರುತ್ತದೆ. ನಮ್ಮಲ್ಲಿ ಹೈಕು ಬರೆಯುವವರು ಹದಿನೇಳು ಅಕ್ಷರ ತುಂಬಿ, ಅದರಲ್ಲಿ ಅರ್ಧ ಗುರುಗಳಾಗಿ, ಇಪ್ಪತ್ತೈದು ಮಾತ್ರೆಯ ಭಾರ ಹೊರಿಸುತ್ತಾರೆ. ಕಪ್ಪೆ ಮುಳುಗಿಹೋಗುತ್ತದೆ.

ಇನ್ನೊಂದು ಎಡವಟ್ಟು ಇದೇ ಪದ್ಯದಲ್ಲಿದೆ. ನಮಗೆ ಕಪ್ಪೆ ಅಂದರೆ ಮಳೆಗಾಲ. ಅವರ ಕಾವ್ಯಪದ್ಧತಿಯಲ್ಲಿ ಅದು ವಸಂತದ ಸೂಚಕ. ಹಿಂದಿನ ಕವಿಗಳು ಕಪ್ಪೆಯನ್ನು ತಂದದ್ದು ಅದರ ಕೂಗಿಗಾಗಿ. ಬಾಶೋ ಕೂಗಿಸಲೇ ಇಲ್ಲ, ನೀರನ್ನು ಮಾತಾಡಿಸಿದ. ಅಲ್ಲಿ ನಗು ಇದೆ. ಋತುಪದ ಯಾವುದು ಎಂದು ಮೊದಲು ಕೇಳಿಕೊಳ್ಳದಿದ್ದರೆ ಆ ನಗು ಸಿಗದು.

ಉಳಿದವು ಬೇಗ ಹೇಳಿಬಿಡುತ್ತೇನೆ. ಉಮರ್ ಖಯ್ಯಾಮನನ್ನು ಡಿವಿಜಿಯವರ ‘ಉಮರನ ಒಸಗೆ’ಯಲ್ಲಿ ಓದಿ, ಆದರೆ ಅದರ ಹಿಂದಿರುವುದು ಫಿಟ್ಜ್‌ಜೆರಾಲ್ಡನ 1859ರ ಇಂಗ್ಲಿಷ್ ಎಂಬುದು ನೆನಪಿರಲಿ, ಬಿಡಿಬಿಡಿ ಚೌಪದಿಗಳನ್ನು ಬೆಳಗಿನಿಂದ ರಾತ್ರಿಯವರೆಗಿನ ಒಂದು ದಿನವಾಗಿ ಪೋಣಿಸಿದವನು ಅವನು. ಪಾರ್ಸಿಯಲ್ಲಿ ಅವನು-ಅವಳು ಎರಡಕ್ಕೂ ಒಂದೇ ಪದ ‘ಊ’. ಆದ್ದರಿಂದ ನಲ್ಲೆಯೋ ನಲ್ಲನೋ ಎಂದು ಮೂಲದಲ್ಲಿ ತೀರ್ಮಾನವೇ ಆಗಿರುವುದಿಲ್ಲ. ‘ಸಾವಿರದ ಒಂದು ರಾತ್ರಿ’ಯಲ್ಲಿ ಅಲ್ಲಾದೀನ ಮತ್ತು ಆಲಿಬಾಬಾ ಹಳೆಯ ಅರಬ್ಬಿ ಹಸ್ತಪ್ರತಿಗಳವಲ್ಲ, 1709ರಲ್ಲಿ ಅಲೆಪ್ಪೊದ ಹನ್ನಾ ದಿಯಾಬ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಫ್ರೆಂಚಿಗೆ ಅನುವಾದಿಸಿದ ಗ್ಯಾಲಂಡ್ ಸೇರಿಸಿದ್ದು. ಅರಬ್ಬಿ ಬೇಕಿದ್ದರೆ ‘ಕಲೀಲ ವ ದಿಮ್ನ’ ಹಿಡಿಯಿರಿ. ಆ ನರಿಗಳು ನಮ್ಮ ಕರಟಕ-ದಮನಕರೇ. ಪಕ್ಕದಲ್ಲಿ ದುರ್ಗಸಿಂಹನ ಪಂಚತಂತ್ರ ಇಟ್ಟುಕೊಂಡರೆ ಒಂದೇ ಕಥೆ ಅರಬ್ಬಿಗೆ ಹೋಗಿ ಹೇಗಾಯಿತು, ಕನ್ನಡಕ್ಕೆ ಬಂದು ಹೇಗಾಯಿತು ಕಾಣುತ್ತದೆ. ಇಂಡೊನೇಷ್ಯಾದ ಪ್ರಮೂದ್ಯ ಅನಂತ ತೂರ್ ಅವರ ‘ಬುಮಿ ಮನುಸಿಯಾ’ದಲ್ಲಿ (1980) ಓದಿದ ಮಗ ಅಧಿಕಾರಿ ಅಪ್ಪನೆದುರು ತೆವಳಿಕೊಂಡು ಹೋಗಿ ಮೇಲ್ದರ್ಜೆಯ ಜಾವಾ ಭಾಷೆಯಲ್ಲೇ ಮಾತಾಡಬೇಕಾಗುತ್ತದೆ. ಇಂಗ್ಲಿಷಿನ ‘ಯೂ’ ಬಂದಲ್ಲೆಲ್ಲ ನೀನು, ನೀವು, ತಾವು ಯಾವುದು ಎಂದು ಅಂಚಿನಲ್ಲಿ ಬರೆಯುತ್ತಾ ಹೋಗಿ.

ಕ್ರಮ ಕೇಳಿದ್ದಿರಿ. ದೇಶಕ್ಕೊಂದು ಅನ್ನುವ ಪಟ್ಟಿ ಹರಿದು ಹಾಕಿ. ಅದು ಪ್ಯಾಕೇಜ್ ಟೂರು, ಎಲ್ಲೂ ರಾತ್ರಿ ಉಳಿಯುವುದಿಲ್ಲ. ‘ಏಷ್ಯಾದ ಸಾಹಿತ್ಯ’ ಅನ್ನುವ ಒಂದು ವಸ್ತುವೂ ಇಲ್ಲ. ಇದ್ದರೆ ನಿಮ್ಮ ಹನ್ನೆರಡರಲ್ಲಿ ಭಾರತದ್ದು ಒಂದೂ ಯಾಕಿಲ್ಲ? ಮೊದಲು ಎ.ಕೆ. ರಾಮಾನುಜನ್ ಅವರ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ (1967) ಓದಿ. ತಮಿಳಿನ ಕುರುಂತೊಗೈಯಿಂದ ಆಯ್ದ ಸಣ್ಣ ಪ್ರೇಮಕವಿತೆಗಳು, ಪುಸ್ತಕವೂ ತೆಳ್ಳಗಿದೆ. ಬೆಟ್ಟ ಅಂದರೆ ಕೂಡುವುದು, ಕಡಲ ದಂಡೆ ಅಂದರೆ ಕಾತರ, ಹೀಗೆ ನೆಲವೇ ಭಾವ ಆಗುವ ಲೆಕ್ಕ ಅಲ್ಲಿ ಕಲಿತರೆ ಜಪಾನಿನ ಋತುಪದ ಅರ್ಧ ಕಲಿತಂತೆ. ಆಮೇಲೆ ನಿಂತಲ್ಲಿಂದಲ್ಲ, ಮೊದಲ ಪುಟದಿಂದ ಚೀನಾದ ಪುಸ್ತಕವನ್ನೇ ಮತ್ತೆ ಎತ್ತಿಕೊಳ್ಳಿ. ವರ್ಷಕ್ಕೆ ಅದೊಂದೇ ಆದರೂ ನಷ್ಟವಿಲ್ಲ.

ಪುಟ ಹಂಚುವಾಗ ಜಿಯಾಗಳಿಗೆ ಎದುರುಬದುರಿನ ಎರಡು ಪುಟ ಬಿಡಿ, ವಾಂಗ್‌ಗೆ ಒಂದು. ಲಿನ್ ಮನೆತನಕ್ಕೆ ನಾಲ್ಕು ಗೆರೆ ಸಾಕು. ದಾಯ್‌ಯುವಿನ ತಮ್ಮ ಮೂರು ವರ್ಷಕ್ಕೇ ಹೋಗಿದ್ದಾನೆ, ಅಮ್ಮ ಕಥೆ ಶುರುವಾಗುವಾಗ ಹೋಗುತ್ತಾಳೆ, ಅಪ್ಪ 14ನೇ ಅಧ್ಯಾಯದಲ್ಲಿ. ಆಮೇಲೆ ಆ ಪುಟದಲ್ಲಿ ಉಳಿಯುವುದು ದಾಯ್‌ಯು ಒಬ್ಬಳೇ.